ಲ್ಯಾಪ್‌ಟಾಪ್ ಬಿಸಿ ಆಗಲಿ, ಆದರೆ ನಾವು ಹೇಳಿದಷ್ಟೇ

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಇಟ್ಟುಕೊಂಡಿರುವವರು ಎಷ್ಟು ಜನ ಇದ್ದೀರಿ? ಹೆಚ್ಚುಕಡಿಮೆ ಎಲ್ಲರೂ. ‘ಇದು ತುಂಬಾ ಬಿಸಿ ಆಗುತ್ತೆ, ಸ್ಲೋ ಆಗುತ್ತೆ’ ಅಂತ ಐಟಿ ವಿಭಾಗಕ್ಕೆ ದೂರು ಕೊಟ್ಟವರು? ಅರ್ಧಕ್ಕಿಂತ ಜಾಸ್ತಿ. ಆ ದೂರು ಬಂದು ಬೀಳುವ ಕಡೆ ಕೂತಿರುವವನು ನಾನು. ಹಾಗಾಗಿ ಇವತ್ತು ಎರಡೂ ಕಡೆಯ ಮಾತು ಆಡಬಹುದು.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಬಿಡೋಣ. ಬಿಸಿ ಆಗುವುದು ಕಾಯಿಲೆ ಅಲ್ಲ. ಲ್ಯಾಪ್‌ಟಾಪ್ ತಿಂದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಪರದೆಯ ಬೆಳಕು, ಸ್ಪೀಕರಿನ ಸದ್ದು, ಬ್ಯಾಟರಿಗೆ ತುಂಬಿದ್ದು, ಇಷ್ಟನ್ನು ಕಳೆದರೆ ಉಳಿದದ್ದಕ್ಕೆ ಬೇರೆ ದಾರಿ ಇಲ್ಲ. ಪ್ರೊಸೆಸರ್ 20 ವ್ಯಾಟ್ ತಿಂದರೆ 20 ವ್ಯಾಟ್ ಬಿಸಿ. ಬಿಸಿಯೇ ಆಗದ ಲ್ಯಾಪ್‌ಟಾಪ್ ಬೇಕು ಅಂದರೆ ಆಫ್ ಮಾಡಿ ಇಡಬೇಕಷ್ಟೆ. ಎಷ್ಟು ಬಿಸಿ ಆಗಬೇಕು, ಅದನ್ನು ಯಾರು ತೀರ್ಮಾನ ಮಾಡಬೇಕು ಅನ್ನುವುದು ಮಾತ್ರ ನಮ್ಮ ಮುಂದಿರುವ ಪ್ರಶ್ನೆ. ನೀವು ತೀರ್ಮಾನ ಮಾಡದಿದ್ದರೆ ಒಳಗಿರುವ ಸೆನ್ಸರ್ ಮಾಡುತ್ತದೆ. ಅದು ಮಾಡುವ ಹೊತ್ತಿಗೆ ನೀವು ಯಾವುದೋ ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡುತ್ತಾ ಇರುತ್ತೀರಿ.

ಲ್ಯಾಪ್‌ಟಾಪ್ ಕೊಳ್ಳುವಾಗ ನಾವು ಗಿಗಾಹರ್ಟ್ಸ್ ನೋಡುತ್ತೇವೆ, ಕೋರ್, ಅಂದರೆ ಪ್ರೊಸೆಸರ್ ಚಿಪ್ಪಿನೊಳಗೆ ಕೆಲಸ ಮಾಡುವ ಘಟಕಗಳನ್ನು ಎಣಿಸುತ್ತೇವೆ. ವ್ಯಾಟ್ ನೋಡುವವರು ಕಡಿಮೆ. ಒಂದು ಹಳೆಯ ಉದಾಹರಣೆ ಕೊಡುತ್ತೇನೆ. ಇಂಟೆಲ್‌ನ ಏಳನೇ ತಲೆಮಾರಿನ ಕೋರ್ ಐ5-7200ಯು ಎರಡು ಕೋರ್‌ಗಳ ಚಿಪ್. 15 ವ್ಯಾಟ್, ಬೇಸ್ ವೇಗ (ಎಡೆಬಿಡದೆ ಓಡಬಲ್ಲ ವೇಗ) 2.5 ಗಿಗಾಹರ್ಟ್ಸ್. 2017ರಲ್ಲಿ ಅದರ ಜಾಗಕ್ಕೆ ಐ5-8250ಯು ಬಂತು. ಕೋರ್ ನಾಲ್ಕಾಯಿತು. ಟರ್ಬೊ ವೇಗ, ಅಂದರೆ ಅಲ್ಪ ಹೊತ್ತು ಮುಟ್ಟಬಲ್ಲ ಗರಿಷ್ಠ ವೇಗ, 3.1ರಿಂದ 3.4ಕ್ಕೆ ಏರಿತು. ಎಲ್ಲರೂ ಖುಷಿಪಟ್ಟರು. ಆದರೆ ವ್ಯಾಟ್ ಅದೇ 15, ಬೇಸ್ ವೇಗ 1.6ಕ್ಕೆ ಇಳಿದಿತ್ತು. ದುಡ್ಡು ಅಷ್ಟೇ, ಊಟಕ್ಕೆ ಕೂರುವವರು ಇಬ್ಬರ ಬದಲು ನಾಲ್ವರು. ಇದರಲ್ಲಿ ಮೋಸ ಏನೂ ಇಲ್ಲ. ನಾಲ್ಕು ಕೋರ್ ನಿಧಾನವಾಗಿ ಓಡಿದರೂ ಎರಡು ಕೋರ್ ಜೋರಾಗಿ ಓಡಿದ್ದಕ್ಕಿಂತ ಒಟ್ಟು ಕೆಲಸ ಜಾಸ್ತಿಯೇ ಆಗುತ್ತದೆ. ಆದರೆ ಡಬ್ಬದ ಮೇಲೆ ಬರೆದ ವೇಗಕ್ಕೂ ಅರ್ಧ ಗಂಟೆ ಎಡೆಬಿಡದೆ ಕೆಲಸ ಕೊಟ್ಟಾಗ ಸಿಗುವ ವೇಗಕ್ಕೂ ನಡುವಿನ ಕಂದಕ ಅಗಲವಾಗಿದ್ದು ಆಗಿನಿಂದ.

ಇಂಟೆಲ್ ಈಗ ಎರಡು ಅಂಕಿ ಕೊಡುತ್ತದೆ. 2022ರ ಐ7-1255ಯು ನೋಡಿ. ಬೇಸ್ ಪವರ್ 15 ವ್ಯಾಟ್, ಗರಿಷ್ಠ ಟರ್ಬೊ ಪವರ್ 55 ವ್ಯಾಟ್. ಅಂದರೆ ಅಲ್ಪ ಹೊತ್ತು 55ರವರೆಗೂ ಹೋಗಬಹುದು, ಆಮೇಲೆ ತಯಾರಕರು ಇಟ್ಟ ಮಿತಿಗೆ ಬಂದು ನಿಲ್ಲಬೇಕು. ಎಷ್ಟು ಹೊತ್ತು ಅನ್ನುವುದಕ್ಕೂ ಒಂದು ಅಂಕಿ ಇದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 28 ಸೆಕೆಂಡು. ಬಸ್ ಹಿಡಿಯಲು ನಾವೆಲ್ಲ ಓಡುತ್ತೇವೆ. ಹಾಗಂತ ಮೆಜೆಸ್ಟಿಕ್‌ನಿಂದ ಮನೆವರೆಗೂ ಓಡುವುದಿಲ್ಲ ಅಲ್ವಾ? ಇದೂ ಅಷ್ಟೇ.

ಇದನ್ನು ಕಣ್ಣಾರೆ ನೋಡಬಹುದು. ಚಿಪ್ ತಿನ್ನುವ ವ್ಯಾಟ್, ಅದರ ಉಷ್ಣಾಂಶ ಎಲ್ಲ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಅಂತ ಒಂದು ಉಚಿತ ತಂತ್ರಾಂಶ ಇದೆ. ಲಿನಕ್ಸ್ ಬಳಸುವವರಿಗೆ ಟರ್ಬೋಸ್ಟ್ಯಾಟ್ ಇದೆ. ಅದನ್ನು ತೆರೆದಿಟ್ಟುಕೊಂಡು ದೊಡ್ಡದೊಂದು ಕೆಲಸ ಕೊಡಿ. ವಿಡಿಯೊ ಕನ್ವರ್ಟ್ ಮಾಡಲು ಹಾಕಿ ಅಥವಾ, ಕೋಡ್ ಬರೆಯುವವರಾದರೆ, ಪ್ರಾಜೆಕ್ಟ್ ಪೂರ್ತಿ ಬಿಲ್ಡ್ ಮಾಡಿ (ಬರೆದ ಕೋಡನ್ನು ಓಡಿಸಬಲ್ಲ ತಂತ್ರಾಂಶವಾಗಿ ಕಟ್ಟುವುದು). ಮೊದಲ ಕ್ಷಣಕ್ಕೇ ಪ್ಯಾಕೇಜ್ ಪವರ್ (ಇಡೀ ಚಿಪ್ ತಿನ್ನುತ್ತಿರುವ ವ್ಯಾಟ್) ಎನ್ನುವ ಸಾಲು ಮೇಲಕ್ಕೆ ಹಾರುತ್ತದೆ. ಹಿಂದೆಯೇ ಉಷ್ಣಾಂಶ 90 ದಾಟುತ್ತದೆ. ತಮಾಷೆ ಏನೆಂದರೆ ಫ್ಯಾನ್ ಇನ್ನೂ ಸದ್ದೇ ಮಾಡಿರುವುದಿಲ್ಲ. ಅದು ಪೂರ್ತಿ ಜೋರಾಗುವ ಹೊತ್ತಿಗೆ ಪವರ್ ಆಗಲೇ ಕೆಳಗೆ ಇಳಿಯಲು ಶುರು ಮಾಡಿರುತ್ತದೆ. ಆಮೇಲೆ ಒಂದು ಕಡೆ ನಿಲ್ಲುತ್ತದೆ. 15, 18, 20, ಒಂದೊಂದು ಮಾಡೆಲ್‌ಗೆ ಒಂದೊಂದು. ಹತ್ತು ನಿಮಿಷ ಆದಮೇಲೆ ಅಲ್ಲಿ ಯಾವ ಅಂಕಿ ಇದೆಯೋ ಅದು ನಿಮ್ಮ ಲ್ಯಾಪ್‌ಟಾಪಿನ ನಿಜವಾದ ತಾಕತ್ತು. ಉಳಿದದ್ದು ಜಾಹೀರಾತು.

ನಮ್ಮ ಆಫೀಸುಗಳಲ್ಲಿ ಒಂದು ಪದ್ಧತಿ ಇದೆ. ಮ್ಯಾನೇಜರ್‌ಗೆ ಐ7, ಹೊಸದಾಗಿ ಸೇರಿದವರಿಗೆ ಐ5. ಕುರ್ಚಿ ದೊಡ್ಡದು ಸಣ್ಣದು ಇದ್ದ ಹಾಗೆ. ಐ5-1235ಯು ಮತ್ತು ಐ7-1255ಯು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಹತ್ತೇ ಕೋರ್, ಎರಡು ದೊಡ್ಡವು, ಎಂಟು ಸಣ್ಣವು. ಎರಡಕ್ಕೂ 15 ವ್ಯಾಟ್, 55 ವ್ಯಾಟ್. ಗರಿಷ್ಠ ವೇಗ ಒಂದಕ್ಕೆ 4.4 ಗಿಗಾಹರ್ಟ್ಸ್, ಇನ್ನೊಂದಕ್ಕೆ 4.7. ಒಂದೇ ತೆಳು ಬಾಡಿಯೊಳಗೆ ಎರಡನ್ನೂ ಕೂರಿಸಿ ಅರ್ಧ ಗಂಟೆ ದುಡಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. ಆ ವ್ಯತ್ಯಾಸದ ದುಡ್ಡನ್ನು ರ‍್ಯಾಮ್‌ಗೆ ಹಾಕಿ ಅಂತ ನಾನು ಖರೀದಿ ವಿಭಾಗಕ್ಕೆ ಹೇಳುತ್ತಲೇ ಇರುತ್ತೇನೆ. ಅವರು ತಲೆ ಆಡಿಸುತ್ತಾರೆ. ಮುಂದಿನ ಸಲವೂ ಐ7 ಬರುತ್ತದೆ.

ಇನ್ನು ಇವತ್ತಿನ ಮುಖ್ಯ ಲೆಕ್ಕ. ಚಿಪ್‌ನ ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ಖರ್ಚಾಗುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ. ವೋಲ್ಟೇಜಿಗೆ ತಕ್ಕಂತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎರಡೂ ಒಟ್ಟಿಗೆ ಏರಿದಾಗ ಸುಮಾರಾಗಿ ಘನದ ಲೆಕ್ಕ ಆಗುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಖರ್ಚು ಎಂಟು ಪಟ್ಟು. ಇದನ್ನೇ ಹಿಂದಿನಿಂದ ಮುಂದಕ್ಕೆ ಓದಿ. 28 ವ್ಯಾಟ್‌ನಲ್ಲಿ ಓಡುತ್ತಿರುವ ಚಿಪ್ಪನ್ನು 20ಕ್ಕೆ ಇಳಿಸಿದರೆ ವೇಗದಲ್ಲಿ ಕಳೆದುಕೊಳ್ಳುವುದು ಶೇ. 10ರ ಆಸುಪಾಸು. 14ಕ್ಕೆ, ಅಂದರೆ ಸರಿಯಾಗಿ ಅರ್ಧಕ್ಕೆ ಇಳಿಸಿದರೂ ಶೇ. 79ರಷ್ಟು ವೇಗ ಉಳಿಯುತ್ತದೆ. ಅರ್ಧ ಬಿಸಿ ಹೋಯಿತು, ಐದರಲ್ಲಿ ಒಂದು ಪಾಲು ವೇಗ ಹೋಯಿತು. ಇದು ಕಾಗದದ ಮೇಲಿನ ಲೆಕ್ಕ, ಒಪ್ಪುತ್ತೇನೆ. ತೀರಾ ಕೆಳಗೆ ಹೋದರೆ ವೋಲ್ಟೇಜ್ ಇನ್ನು ಇಳಿಯುವುದಿಲ್ಲ, ಆಗ ಈ ಲಾಭ ನಿಲ್ಲುತ್ತದೆ. ಆದರೆ ಮೇಲಿನ ತುದಿಯಲ್ಲಿ ಇದು ನಿಜ. ಕೊನೆಯ ಹತ್ತು ಪರ್ಸೆಂಟ್ ವೇಗಕ್ಕೆ ನಾವು ಕೊಡುವ ಬೆಲೆ ವಿಪರೀತ.

ಬಿಸಿಗೂ ಖರ್ಚಿಗೂ ಇನ್ನೊಂದು ನಂಟಿದೆ. ಚಿಪ್ ಬಿಸಿ ಆದಷ್ಟೂ ಒಳಗೆ ಸುಮ್ನೆ ಸೋರಿ ಹೋಗುವ ವಿದ್ಯುತ್ತು ಜಾಸ್ತಿ ಆಗುತ್ತದೆ. ಬಿಸಿಯಿಂದ ಖರ್ಚು, ಖರ್ಚಿನಿಂದ ಮತ್ತೆ ಬಿಸಿ. ಈ ಉದ್ಯಮ ಒಮ್ಮೆ ಈ ಗೋಡೆಗೆ ಹಣೆ ಚಚ್ಚಿಕೊಂಡಿದೆ. ಪೆಂಟಿಯಂ 4 ಕಾಲದಲ್ಲಿ ಗಿಗಾಹರ್ಟ್ಸ್ ಏರಿಸುತ್ತಾ ಹೋದ ಇಂಟೆಲ್, 2004ರಲ್ಲಿ ಅದರ ಮುಂದಿನ ಚಿಪ್ ಟೇಜಸ್ ಅನ್ನು ಮಾರುಕಟ್ಟೆಗೆ ಬರುವ ಮೊದಲೇ ಕೈಬಿಟ್ಟಿತು. ಬಿಸಿ ಅಂಕೆಗೆ ಸಿಗಲಿಲ್ಲ. ದಾರಿ ತೋರಿಸಿದ್ದು ಇಸ್ರೇಲಿನ ಹೈಫಾದಲ್ಲಿ ಲ್ಯಾಪ್‌ಟಾಪ್‌ಗೆಂದೇ ಮಾಡಿದ, 2003ರಲ್ಲಿ ಬಂದ ಪೆಂಟಿಯಂ ಎಂ. ಗಿಗಾಹರ್ಟ್ಸ್ ಕಡಿಮೆ, ಕೆಲಸ ಜಾಸ್ತಿ. ಆಮೇಲೆ ಎಲ್ಲರೂ ಕೋರ್ ಹೆಚ್ಚಿಸುವ ಹಾದಿ ಹಿಡಿದರು.   

ಈಗ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ‘ಚಿಪ್ 72 ಡಿಗ್ರಿ ಅಷ್ಟೇ ತೋರಿಸುತ್ತಿದೆ. ಮಿತಿ 100 ಅಂತೆ. ಹಾಗಾದರೆ ಯಾಕೆ ಸ್ಲೋ?’ ಒಳ್ಳೆಯ ಪ್ರಶ್ನೆ. ಉತ್ತರ ಚಿಪ್‌ನಲ್ಲಿ ಇಲ್ಲ, ನಿಮ್ಮ ಕೈಯಲ್ಲಿದೆ. ಸಣ್ಣ ಲ್ಯಾಪ್‌ಟಾಪಿನಲ್ಲಿ ಎರಡು ಮಿತಿಗಳಿವೆ. ಒಂದು ಚಿಪ್‌ನದು. ಈಗಿನ ಇಂಟೆಲ್, ಎಎಂಡಿ ಚಿಪ್‌ಗಳು ಸಾಮಾನ್ಯವಾಗಿ 95ರಿಂದ 100 ಡಿಗ್ರಿವರೆಗೆ ತಡೆದುಕೊಳ್ಳುತ್ತವೆ. ಇನ್ನೊಂದು ಹೊರಮೈಯದು. ಕೀಬೋರ್ಡ್, ಅಂಗೈ ಇಡುವ ಜಾಗ, ತಳ, ಇವು ಮನುಷ್ಯ ಮುಟ್ಟುವ ಜಾಗಗಳು. ಅಲ್ಲಿ 45 ದಾಟಿದರೆ ಕೈ ಇಡಲು ಆಗುವುದಿಲ್ಲ. ಹಾಗಾಗಿ ತಯಾರಕರು ಬೋರ್ಡಿನ ಅಲ್ಲಲ್ಲಿ ಸೆನ್ಸರ್ ಇಟ್ಟಿರುತ್ತಾರೆ. ಚಿಪ್ ತಣ್ಣಗಿದ್ದರೂ ಹೊರಮೈ ಬಿಸಿ ಆದರೆ ಪವರ್ ಇಳಿಸು ಅಂತ ಫರ್ಮ್‌ವೇರ್‌ಗೆ, ಅಂದರೆ ಯಂತ್ರದೊಳಗೇ ಕೂರಿಸಿದ ಮೂಲ ತಂತ್ರಾಂಶಕ್ಕೆ, ಹೇಳಿರುತ್ತಾರೆ. ಲೋಹದ ಬಾಡಿ ಆದರೆ ಇದು ಇನ್ನೂ ಬೇಗ, ಯಾಕೆಂದರೆ ಅದೇ ಉಷ್ಣಾಂಶದಲ್ಲಿ ಪ್ಲಾಸ್ಟಿಕ್‌ಗಿಂತ ಲೋಹ ಕೈಗೆ ಜಾಸ್ತಿ ಸುಡುತ್ತದೆ. ಲೆನೊವೊದ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳು ತೊಡೆಯ ಮೇಲಿದ್ದೇವೆಯೋ ಮೇಜಿನ ಮೇಲಿದ್ದೇವೆಯೋ ಅಂತ ಅಲುಗಾಟದಿಂದಲೇ ಗುರುತಿಸಿ, ತೊಡೆ ಅಂತ ಗೊತ್ತಾದರೆ ತಾವೇ ಪವರ್ ತಗ್ಗಿಸುತ್ತವೆ. ಮೇಜಿಗೆ ಇಟ್ಟ ಕೂಡಲೇ ವೇಗ ಬರುತ್ತದೆ. ಯಾರೋ ಮಾಟ ಮಾಡಿದ ಹಾಗಿರುತ್ತದೆ, ಗೊತ್ತಿಲ್ಲದವರಿಗೆ.

ಇಲ್ಲಿ ಬೆಂಗಳೂರಿನ ಹವೆ ಬರುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ, ಫೋನಿನ ಕ್ಯಾಲ್ಕುಲೇಟರ್ ಸಾಕು. ಚಿಪ್‌ನ ಮಿತಿ 95 ಅಂತ ಇಟ್ಟುಕೊಳ್ಳಿ. ಹೊರಮೈ ಮಿತಿ 45. ಎಸಿ ಇರುವ ಆಫೀಸಿನಲ್ಲಿ 24 ಡಿಗ್ರಿ. ಚಿಪ್‌ಗೆ ಏರಲು ಸಿಗುವ ಜಾಗ 71 ಡಿಗ್ರಿ, ಹೊರಮೈಗೆ 21. ಈಗ ಏಪ್ರಿಲ್ ಮಧ್ಯಾಹ್ನ, ಮನೆಯಿಂದ ಕೆಲಸ. ತಾರಸಿಯ ಕೆಳಗಿನ ರೂಮು, ನೆತ್ತಿಯ ಮೇಲೆ ಕಾದ ಕಾಂಕ್ರೀಟು, ಒಳಗೆ 34. ಚಿಪ್‌ಗೆ ಸಿಗುವುದು 61. ಹೊರಮೈಗೆ ಬರೀ 11.

ಚಿಪ್‌ನ ಲೆಕ್ಕದಲ್ಲಿ ನಷ್ಟ ಏಳರಲ್ಲಿ ಒಂದು ಪಾಲು. ಘನದ ಲೆಕ್ಕ ಹಾಕಿದರೆ ವೇಗ ಶೇ. 5 ಕಡಿಮೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಹೊರಮೈ ಲೆಕ್ಕದಲ್ಲಿ ಅರ್ಧದಷ್ಟು ಜಾಗವೇ ಹೋಯಿತು. ಅಷ್ಟೇ ವ್ಯಾಟ್ ಸುರಿದರೆ ಕೀಬೋರ್ಡ್ ಕಾವಲಿ ಆಗುತ್ತದೆ, ಆದ್ದರಿಂದ ಫರ್ಮ್‌ವೇರ್ ವ್ಯಾಟನ್ನೇ ಅರ್ಧ ಮಾಡುತ್ತದೆ. ಬೇಸಿಗೆಯಲ್ಲಿ ಮನೆಯಲ್ಲಿ ಕೂತಾಗ ‘ಆಫೀಸಿನಲ್ಲಿ ಚೆನ್ನಾಗಿತ್ತು, ಇಲ್ಲಿ ಏನೋ ಆಗಿದೆ’ ಅನ್ನಿಸುವುದಕ್ಕೆ ಬಹಳ ಸಲ ಇದೇ ಕಾರಣ. ನೀವು ಲ್ಯಾಪ್‌ಟಾಪ್ ಬದಲಾಯಿಸಿ ಅಂತ ಟಿಕೆಟ್ ಹಾಕುತ್ತೀರಿ. ಬದಲಾಯಿಸಬೇಕಾದ್ದು ರೂಮು.

ನಮ್ಮ ಊರು ತಂಪು ಅಂತ ಹೆಮ್ಮೆ ನಮಗೆ. ಮನೆಗಳಿಗೆ ಎಸಿ ಹಾಕಿಸುವ ರೂಢಿಯೂ ಕಡಿಮೆ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲೂ 39.2 ಡಿಗ್ರಿ ಆಗಿದೆ. ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದೇವೆ. ಇಲ್ಲಿ ಗಾಳಿ ಮಂಗಳೂರಿಗಿಂತ ಶೇ. 8-9ರಷ್ಟು ತೆಳು. ಫ್ಯಾನ್ ಅಷ್ಟೇ ಸುತ್ತು ಸುತ್ತಿದರೂ ಹೊತ್ತೊಯ್ಯುವ ಗಾಳಿಯ ತೂಕ ಅಷ್ಟು ಕಡಿಮೆ. ದೊಡ್ಡ ಸಂಗತಿ ಅಲ್ಲ. ಆದರೆ ತಂಪಿನಿಂದ ಸಿಕ್ಕ ಲಾಭದಲ್ಲಿ ಸ್ವಲ್ಪ ಇಲ್ಲಿ ಕೈಬಿಡುತ್ತದೆ.

ಧೂಳಂತೂ ಕೇಳಲೇಬೇಡಿ. ಮೆಟ್ರೊ ಕೆಲಸ, ರಸ್ತೆ ಅಗೆತ, ಪಕ್ಕದ ಸೈಟಿನಲ್ಲಿ ಮನೆ ಕಟ್ಟುವುದು, ಎಲ್ಲ ಸೇರಿ ಒಳಗೆ ಬರುತ್ತದೆ. ಲ್ಯಾಪ್‌ಟಾಪಿನ ತಳ ಬಿಚ್ಚಿ ಫ್ಯಾನ್ ಮುಚ್ಚಳ ತೆಗೆದರೆ ಮೊದಲ ನೋಟಕ್ಕೆ ಎಲ್ಲ ಸ್ವಚ್ಛ ಅನ್ನಿಸುತ್ತದೆ. ರೆಕ್ಕೆಗಳ ಮೇಲೆ ಒಂದಿಷ್ಟು ಬೂದು ಧೂಳು ಅಷ್ಟೇ. ನಿಜವಾದ ಕಿತಾಪತಿ ಇರುವುದು ಫ್ಯಾನಿಗೂ ಬಿಸಿಯನ್ನು ಗಾಳಿಗೆ ಬಿಡುವ ತಾಮ್ರದ ತೆಳು ಪಟ್ಟಿಗಳಿಗೂ (ಫಿನ್) ನಡುವೆ. ಅಲ್ಲಿ ಧೂಳು, ಕೂದಲು, ಹಾಸಿಗೆಯ ಹತ್ತಿಯ ಎಳೆ ಎಲ್ಲ ಕೂಡಿಕೊಂಡು ದಪ್ಪ ಬಟ್ಟೆಯ ಪಟ್ಟಿ ಆಗಿರುತ್ತದೆ. ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಈಚೆ ಬರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಬರುವುದಿಲ್ಲ, ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಗೆ ಒಂದು ಹಲ್ಲುಕಡ್ಡಿ ಅಡ್ಡ ಇಡಿ. ಗಾಳಿಯ ರಭಸಕ್ಕೆ ಅದು ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಚಿಪ್‌ಗೂ ತಾಮ್ರಕ್ಕೂ ನಡುವಿನ ಪೇಸ್ಟ್ ಕೂಡ ವರ್ಷ ಕಳೆದಂತೆ ಒಣಗುತ್ತದೆ ಅಥವಾ ಬಿಸಿ-ತಣ್ಣಗೆ ಆಗಿ ಆಗಿ ಅಂಚಿಗೆ ಸರಿದು ಹೋಗುತ್ತದೆ. ಈಚೆಗೆ ಹನಿವೆಲ್‌ನ ಪಿಟಿಎಂ 7950 ಅನ್ನುವ ಹಾಳೆಯಂಥದ್ದು ಬಂದಿದೆ. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಸಂದು ತುಂಬಿಕೊಳ್ಳುತ್ತದೆ, ಪೇಸ್ಟ್ ಹಾಗೆ ಸರಿದು ಹೋಗುವುದಿಲ್ಲ. ಆದರೆ ಆಫೀಸಿನ ಲ್ಯಾಪ್‌ಟಾಪ್ ಅನ್ನು ದಯವಿಟ್ಟು ನೀವು ಬಿಚ್ಚಬೇಡಿ. ವಾರಂಟಿ ಇರುವಾಗ ತಯಾರಕರ ಕಡೆಯವರು ಮನೆಗೇ ಬಂದು ಮಾಡಿಕೊಡುತ್ತಾರೆ. ಆ ಸೇವೆಗೂ ಸೇರಿಸಿ ಕಂಪನಿ ದುಡ್ಡು ಕೊಟ್ಟಿರುತ್ತದೆ.

ಯಂತ್ರದ ಕಥೆ ಇಷ್ಟು. ಇನ್ನು ಅದರೊಳಗೆ ಓಡುವ ತಂತ್ರಾಂಶ. ಬಿಸಿನೆಸ್ ಲ್ಯಾಪ್‌ಟಾಪಿನ ನಿಜವಾದ ಕಷ್ಟ ಇಲ್ಲಿದೆ. ಮನೆಯ ಲ್ಯಾಪ್‌ಟಾಪಿನಲ್ಲಿ ನೀವು ಸುಮ್ಮನಿದ್ದರೆ ಅದೂ ಸುಮ್ಮನಿರುತ್ತದೆ. ಆಫೀಸಿನದು ಹಾಗಲ್ಲ. ಆಂಟಿವೈರಸ್, ಯಾವ ಫೈಲ್ ಎಲ್ಲಿಗೆ ಹೋಯಿತು ಅಂತ ಕಾಯುವ ಇನ್ನೊಂದು, ವಿಪಿಎನ್, ಡಿಸ್ಕ್ ಎನ್‌ಕ್ರಿಪ್ಷನ್, ಕ್ಲೌಡ್‌ಗೆ ಸಿಂಕ್ ಮಾಡುವುದು, ಅಪ್‌ಡೇಟ್ ತಂದು ಹಾಕುವುದು. ಎಲ್ಲಕ್ಕೂ ಅದೇ 15 ವ್ಯಾಟ್‌ನಲ್ಲಿ ಪಾಲು ಬೇಕು. ನೀವು ಕೋಡ್ ಬಿಲ್ಡ್ ಮಾಡಿದಾಗ ಸಾವಿರಾರು ಸಣ್ಣ ಫೈಲ್‌ಗಳು ಹುಟ್ಟುತ್ತವೆ. ಪ್ರತಿಯೊಂದನ್ನೂ ಆಂಟಿವೈರಸ್ ತೆರೆದು ನೋಡುತ್ತದೆ. ಬಿಲ್ಡ್‌ಗೆ ಎಷ್ಟು ಬಿಸಿ, ಆಂಟಿವೈರಸ್‌ಗೆ ಎಷ್ಟು ಬಿಸಿ ಅಂತ ಬಿಡಿಸಿ ಹೇಳುವುದೇ ಕಷ್ಟ. ವಿಂಡೋಸ್ 11ರಲ್ಲಿ ಇದಕ್ಕೆಂದೇ 2023ರಲ್ಲಿ ಡೆವ್ ಡ್ರೈವ್ ಅಂತ ಡಿಸ್ಕಿನ ಒಂದು ಪ್ರತ್ಯೇಕ ಭಾಗ ತಂದಿದ್ದಾರೆ. ಅಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್, ಫೈಲ್ ತೆರೆಯುವಾಗ ಅಡ್ಡ ನಿಲ್ಲದೆ, ಪರೀಕ್ಷೆಯನ್ನು ಆಮೇಲೆ ಮಾಡುತ್ತದೆ. ಇದನ್ನು ಹಾಕಿಕೊಡಿ ಅಂತ ನಿಮ್ಮ ಐಟಿಯವರನ್ನು ಕೇಳಿ. ನೀವೇ ಆಂಟಿವೈರಸ್ ನಿಲ್ಲಿಸಬೇಡಿ, ಆಮೇಲೆ ನಮಗೂ ನಿಮಗೂ ಜಗಳ.

ಮೀಟಿಂಗ್ ಇನ್ನೊಂದು. ಹಿನ್ನೆಲೆ ಮಸುಕು ಮಾಡುವುದು ಕಣ್ಣಿಗೆ ಸಣ್ಣ ವಿಷಯ. ಯಂತ್ರಕ್ಕೆ ಹಾಗಲ್ಲ. ಪ್ರತಿ ಫ್ರೇಮಿನಲ್ಲೂ ನಿಮ್ಮ ಕೂದಲಿನ ಅಂಚು ಎಲ್ಲಿ, ಗೋಡೆ ಎಲ್ಲಿ ಅಂತ ಹುಡುಕಬೇಕು. ಜೊತೆಗೆ ಹತ್ತಾರು ಜನರ ವಿಡಿಯೊ ಬಿಡಿಸಬೇಕು, ನಿಮ್ಮದನ್ನು ಮಡಚಿ ಕಳಿಸಬೇಕು, ಸ್ಕ್ರೀನ್ ಶೇರ್ ಬೇರೆ. ಪಕ್ಕದಲ್ಲಿ 4ಕೆ ಮಾನಿಟರ್ ಸಿಕ್ಕಿಸಿದ್ದರೆ ಅದರ ಕೆಲಸವೂ ಇದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಅದೇ ಚಿಪ್ಪಿನೊಳಗೆ ಇರುತ್ತದೆ. ಅದು ತಿಂದಷ್ಟು ವ್ಯಾಟ್ ಸಿಪಿಯುಗೆ ಖೋತಾ. ಇವೆಲ್ಲದರ ನಡುವೆ ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಅದರ ಬಿಸಿಯೂ ಸೇರುತ್ತದೆ, ಅದೂ ಸರಿಯಾಗಿ ಅಂಗೈ ಕೆಳಗೆ. ಮೀಟಿಂಗಿಗೆ ಮೊದಲೇ ಚಾರ್ಜ್ ಮಾಡಿಕೊಂಡು ಕೂತರೆ ನಿಜಕ್ಕೂ ವ್ಯತ್ಯಾಸ ಆಗುತ್ತದೆ. ಚಾರ್ಜ್ ಮಿತಿಯನ್ನು 80ಕ್ಕೆ ಇಟ್ಟರೆ ಇನ್ನೂ ಒಳ್ಳೆಯದು. ಪೂರ್ತಿ ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತರೆ ಬೇಗ ಮುದಿಯಾಗುತ್ತದೆ.

ಬ್ಯಾಗಿನಲ್ಲಿ ಬೇಯುವ ಲ್ಯಾಪ್‌ಟಾಪ್ ಬಗ್ಗೆಯೂ ಹೇಳಬೇಕು. ಹಿಂದೆ ಮುಚ್ಚಳ ಮುಚ್ಚಿದರೆ ಮಲಗಿತು ಅಂತ ಅರ್ಥ. ಈಗ ಬಹಳಷ್ಟರಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಇದೆ. ಫೋನಿನ ಹಾಗೆ ಅರೆನಿದ್ದೆ. ನೆಟ್‌ವರ್ಕ್ ಎಚ್ಚರ ಇರುತ್ತದೆ. ಹಿನ್ನೆಲೆಯಲ್ಲಿ ಓಡುವ ಯಾವುದೋ ತಂತ್ರಾಂಶ ಎಬ್ಬಿಸಿತು ಅಂದರೆ ಎದ್ದು ಕೂರುತ್ತದೆ. ಬೆಳ್ಳಂದೂರಿನಲ್ಲಿ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿರುತ್ತೀರಿ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಬೆನ್ನಿಗೆ ಶಾಖ ತಟ್ಟುತ್ತದೆ. ಒಳಗೆ ಗಾಳಿ ಇಲ್ಲ, ಫ್ಯಾನ್ ತಿರುಗಿದರೂ ಅದೇ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಹೊರಡುವ ಮುಂಚೆ ಹೈಬರ್ನೇಟ್ ಮಾಡಿ (ತೆರೆದ ಕೆಲಸವನ್ನು ಡಿಸ್ಕಿನಲ್ಲಿಟ್ಟು ಪೂರ್ತಿ ಆಫ್ ಆಗುವುದು), ಅಥವಾ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ ಸೆಟ್ಟಿಂಗ್ ಇಡಿ. ತೆರೆಯುವಾಗ ಸ್ವಲ್ಪ ಕಾಯಬೇಕು, ಅಷ್ಟೇ.

ಸರಿ, ಹಾಗಾದರೆ ಸೆಟ್ಟಿಂಗ್ ಏನು ಮಾಡಬೇಕು? ವಿಂಡೋಸ್‌ನಲ್ಲಿ ಪವರ್ ಮೋಡ್ ಅಂತ ಇದೆ. ಚಾರ್ಜರ್ ಹಾಕಿದ ಕೂಡಲೇ ಅದನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ತಳ್ಳುವ ಅಭ್ಯಾಸ ಬಹಳ ಜನಕ್ಕೆ. ನನ್ನ ಪ್ರಕಾರ ತೆಳು ಲ್ಯಾಪ್‌ಟಾಪಿನಲ್ಲಿ ಅದು ನಷ್ಟದ ವ್ಯಾಪಾರ. ಮೇಲ್ ತೆರೆದರೂ, ಒಂದು ಟ್ಯಾಬ್ ಒತ್ತಿದರೂ ಚಿಪ್ ಟರ್ಬೊಗೆ ಹಾರುತ್ತದೆ. ದಿನವಿಡೀ ಹೀಗೆ ಹಾರಿ ಹಾರಿ ಬಾಡಿ ಬೆಚ್ಚಗಾಗಿಯೇ ಇರುತ್ತದೆ. ನಿಜವಾಗಿ ವೇಗ ಬೇಕಾದ ದೊಡ್ಡ ಕೆಲಸ ಬಂದಾಗ ಹೊರಮೈಗೆ ಉಳಿದಿರುವ ಜಾಗವೇ ಇರುವುದಿಲ್ಲ. ಬ್ಯಾಲೆನ್ಸ್ಡ್‌ನಲ್ಲಿ ಇಟ್ಟರೆ ಮೈ ತಣ್ಣಗಿರುತ್ತದೆ, ಬೇಕಾದಾಗ ಟರ್ಬೊ ಪೂರ್ತಿ ಸಿಗುತ್ತದೆ. ದೊಡ್ಡ ಬಿಲ್ಡ್ ಹಾಕುವಾಗ ಮಾತ್ರ ಏರಿಸಿ, ಮುಗಿದ ಮೇಲೆ ಇಳಿಸಿ. ಈಚಿನ ಥಿಂಕ್‌ಪ್ಯಾಡ್‌ಗಳಲ್ಲಿ ಎಫ್ಎನ್ ಜೊತೆ ಎಲ್, ಎಂ, ಎಚ್ ಒತ್ತಿದರೆ ಮೂರು ಹಂತ ಬದಲಾಗುತ್ತದೆ. ಡೆಲ್‌ನವರು ತಮ್ಮದೇ ತಂತ್ರಾಂಶದಲ್ಲಿ ತಣ್ಣಗೆ, ಸದ್ದಿಲ್ಲದೆ, ಜೋರು ಅಂತ ಕೊಟ್ಟಿದ್ದಾರೆ. ಲಿನಕ್ಸ್‌ನಲ್ಲಿ ಪವರ್ ಪ್ರೊಫೈಲ್ಸ್ ಇದೆ.

ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಹೇಳುವ ಒಂದು ಉಪಾಯ ಇದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು ಶೇ. 100ರಿಂದ 99ಕ್ಕೆ ಇಳಿಸಿ, ಟರ್ಬೊ ನಿಲ್ಲುತ್ತದೆ ಅಂತ. ನಿಲ್ಲುವುದು ನಿಜ. ಹಳೆಯ ಚಿಪ್‌ಗಳಲ್ಲಿ ಪರವಾಗಿಲ್ಲ. ಆದರೆ ನಾನು ಹೇಳಿದ ಐ7-1255ಯುನಲ್ಲಿ ದೊಡ್ಡ ಕೋರ್‌ನ ಬೇಸ್ ವೇಗ 1.7 ಗಿಗಾಹರ್ಟ್ಸ್. ಟರ್ಬೊ ಕಿತ್ತರೆ ನಿಮ್ಮ ಕೈಗೆ ಉಳಿಯುವುದು ಅಷ್ಟೇ. ಎಕ್ಸೆಲ್ ಫೈಲ್ ತೆರೆಯಲೂ ಉಸಿರು ಬಿಡುತ್ತದೆ. ನೆಗಡಿಗೆ ಮೂಗು ಕೊಯ್ಯುವ ಕೆಲಸ ಅದು.

ಮಿತಿ ಹಾಕುವುದರಲ್ಲಿ ಎಷ್ಟು ವ್ಯತ್ಯಾಸ ಇದೆ ಅನ್ನುವುದಕ್ಕೆ ಬಹಿರಂಗವಾಗಿ ನಡೆದ ಒಂದು ಪ್ರಸಂಗ ಇದೆ. 2018ರ ಜುಲೈನಲ್ಲಿ ಆಪಲ್ 15 ಇಂಚಿನ ಮ್ಯಾಕ್‌ಬುಕ್ ಪ್ರೊಗೆ ಕೋರ್ ಐ9 ಹಾಕಿ ತಂದಿತು. ಜನ ಅಳೆದು ನೋಡಿದರೆ, ಎಡೆಬಿಡದ ಕೆಲಸದಲ್ಲಿ ವೇಗ ಬೇಸ್‌ಗಿಂತ ಕೆಳಗೆ ಬೀಳುತ್ತಿತ್ತು. ಅದೇ ತಿಂಗಳು ಆಪಲ್ ಫರ್ಮ್‌ವೇರ್‌ನಲ್ಲಿ ದೋಷ ಇದೆ ಅಂತ ಒಪ್ಪಿ ಅಪ್‌ಡೇಟ್ ಕೊಟ್ಟಿತು. ಆಮೇಲೆ ಸುಧಾರಿಸಿತು. ಅದೇ ಚಿಪ್, ಅದೇ ಫ್ಯಾನ್, ಅದೇ ತಾಮ್ರ. ಬದಲಾಗಿದ್ದು ಯಾವಾಗ ಎಷ್ಟು ಬಿಡಬೇಕು ಅನ್ನುವ ಲೆಕ್ಕ ಮಾತ್ರ. ಅದಕ್ಕೇ ತಯಾರಕರ ಬಯಾಸ್ (ಅದೂ ಫರ್ಮ್‌ವೇರೇ) ಅಪ್‌ಡೇಟ್ ಬಂದಾಗ ‘ನಾಳೆ ನೋಡೋಣ’ ಅನ್ನಬೇಡಿ. ಫ್ಯಾನ್ ಯಾವಾಗ ತಿರುಗಬೇಕು, ಪವರ್ ಎಲ್ಲಿ ನಿಲ್ಲಬೇಕು ಅನ್ನುವುದು ಅದರಲ್ಲಿ ಬರುತ್ತದೆ.

ಸಭಿಕರ ಪ್ರಶ್ನೆಗಳು

‘ಸರ್, ಅಂಡರ್‌ವೋಲ್ಟ್ ಮಾಡಬಹುದಾ?’

ಮೊದಲು ಮಾಡಬಹುದಿತ್ತು. ಅದೇ ವೇಗಕ್ಕೆ ಸ್ವಲ್ಪ ಕಡಿಮೆ ವೋಲ್ಟೇಜ್ ಕೊಟ್ಟರೆ ಬಿಸಿ ಚೆನ್ನಾಗಿಯೇ ಇಳಿಯುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಹೊರಬಿತ್ತು. ವೋಲ್ಟೇಜ್ ಅಲುಗಾಡಿಸಿ ಚಿಪ್ಪಿನೊಳಗಿನ ಗುಟ್ಟು ಕದಿಯಬಹುದು ಅಂತ ತೋರಿಸಿದರು. ಅಲ್ಲಿಂದ ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ಆ ಬಾಗಿಲಿಗೆ ಬೀಗ ಬಿದ್ದಿದೆ. ಆಫೀಸಿನ ಯಂತ್ರದಲ್ಲಿ ಬೀಗ ಒಡೆಯುವ ಸಾಹಸ ಬೇಡ.

‘ಕೂಲಿಂಗ್ ಪ್ಯಾಡ್ ತಗೊಳ್ಳಲಾ?’

ದುಡ್ಡು ಉಳಿಸಿ. ಹಿಂದಿನ ಎರಡು ಕಾಲುಗಳ ಕೆಳಗೆ ಏನಾದರೂ ಇಟ್ಟು ಒಂದು ಇಂಚು ಎತ್ತಿ. ತಳದಿಂದ ಗಾಳಿ ಎಳೆಯಲು ಜಾಗ ಸಿಕ್ಕರೆ ಲಾಭದಲ್ಲಿ ಬಹುಪಾಲು ಬಂದುಬಿಡುತ್ತದೆ. ಸೀಲಿಂಗ್ ಫ್ಯಾನ್ ಕೆಳಗೆ ಕೂತರೆ ಇನ್ನೂ ವಾಸಿ, ಹೊರಮೈ ತಣ್ಣಗಾಗುತ್ತದೆ.

‘ನಾನು ಮಂಚದ ಮೇಲೆ ಕೂತು, ತೊಡೆ ಮೇಲೆ ಇಟ್ಟುಕೊಂಡೇ ಕೆಲಸ ಮಾಡೋದು. ಅಪಾಯ ಇದೆಯಾ?’

ಮೇಡಂ, ಲ್ಯಾಪ್‌ಟಾಪಿಗಿಂತ ನಿಮ್ಮ ಚರ್ಮದ ಬಗ್ಗೆ ಹೇಳುತ್ತೇನೆ. ಸುಡುವಷ್ಟು ಬಿಸಿ ಇಲ್ಲದಿದ್ದರೂ ದಿನಾ ಗಂಟೆಗಟ್ಟಲೆ ಅದೇ ಜಾಗಕ್ಕೆ ಶಾಖ ತಾಗಿದರೆ ತೊಡೆಯ ಮೇಲೆ ಬಲೆಯಂತೆ ಕಂದು ಗುರುತು ಮೂಡುತ್ತದೆ. ಲ್ಯಾಪ್‌ಟಾಪ್‌ನಿಂದಲೇ ಹೀಗೆ ಆದದ್ದನ್ನು ಚರ್ಮವೈದ್ಯರು ದಾಖಲಿಸಿದ್ದಾರೆ. ಹಾಸಿಗೆಯ ಮೇಲಿಟ್ಟರೆ ತಳದ ಕಿಂಡಿಗಳೂ ಮುಚ್ಚಿಹೋಗುತ್ತವೆ. ಒಂದು ಮರದ ಹಲಗೆ ಸಾಕು, ಅಥವಾ ಊಟದ ಸಣ್ಣ ಮೇಜು.

‘ಫೋನಿನ ಚಾರ್ಜರ್ ಹಾಕಿದರೆ ಸ್ಲೋ ಆಗುತ್ತಲ್ಲ?’

ಆಗುತ್ತದೆ. ಅದಕ್ಕೆ ಬಿಸಿ ಕಾರಣ ಅಲ್ಲ. 65 ವ್ಯಾಟ್ ಕೇಳುವ ಯಂತ್ರಕ್ಕೆ ಯುಎಸ್‌ಬಿ-ಸಿ ಇದೆ ಅಂತ ಸಣ್ಣ ಚಾರ್ಜರ್ ಹಾಕಿದರೆ, ಎಷ್ಟು ಬರುತ್ತಿದೆ ಅಂತ ನೋಡಿ ಅದು ಕೈ ಬಿಗಿ ಹಿಡಿಯುತ್ತದೆ. ಬಿಸಿ ಅಂತ ಬಂದ ದೂರುಗಳಲ್ಲಿ ಕೆಲವಕ್ಕೆ ಕೊನೆಗೆ ಕಾರಣ ಇದೇ ಆಗಿರುತ್ತದೆ.

‘ಎಸ್.ಪಿ. ರೋಡ್‌ನಲ್ಲಿ ಹಳೆ ಬಿಸಿನೆಸ್ ಲ್ಯಾಪ್‌ಟಾಪ್ ಸಿಗುತ್ತೆ. ಮಗಳ ಕಾಲೇಜಿಗೆ ತಗೊಳ್ಳೋಣ ಅಂತಿದ್ದೀನಿ.’

ತೆಗೆದುಕೊಳ್ಳಿ ಸರ್, ನಾನೂ ಅದನ್ನೇ ಹೇಳುತ್ತಿದ್ದೆ. ಬಾಡಿ ಗಟ್ಟಿ ಇರುತ್ತದೆ, ಬಿಡಿಭಾಗ ಸಿಗುತ್ತದೆ. ಆದರೆ ಆನ್ ಮಾಡಿ ಡೆಸ್ಕ್‌ಟಾಪ್ ಬಂತು ಅಂದ ಕೂಡಲೇ ದುಡ್ಡು ಕೊಡಬೇಡಿ. ಮೊದಲು ಮಟ್ಟಸವಾದ ಗಾಜಿನ ಮೇಲಿಟ್ಟು ನೋಡಿ, ಅಲುಗಾಡಿದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದ ಹಾಗೆ ಕಂಡರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಆಮೇಲೆ ಎಚ್‌ಡಬ್ಲ್ಯೂಇನ್ಫೋ ಹಾಕಿ ಹತ್ತು ನಿಮಿಷ ಪೂರ್ತಿ ಕೆಲಸ ಕೊಡಿ. ಗಾಳಿ ಹೊರಬರುವ ಕಿಂಡಿಗೆ ಕೈ ಹಿಡಿಯಿರಿ. ಚಿಪ್ 95 ತೋರಿಸುತ್ತಿದೆ, ಆದರೆ ಬರುವ ಗಾಳಿ ಬೆಚ್ಚಗಷ್ಟೇ ಇದೆ, ಅಂದರೆ ಬಿಸಿ ಚಿಪ್ಪಿನಿಂದ ಆಚೆ ಬರುತ್ತಿಲ್ಲ, ಪೇಸ್ಟ್ ಒಣಗಿದೆ. ಗಾಳಿಯೇ ಬರುತ್ತಿಲ್ಲ ಅಂದರೆ ನಾನು ಹೇಳಿದ ಧೂಳಿನ ಪಟ್ಟಿ ಅಡ್ಡ ಕೂತಿದೆ. ಎರಡನ್ನೂ ಅಲ್ಲೇ ಸರಿ ಮಾಡಿಸಿ, ಚೌಕಾಸಿ ಮಾಡಲು ನಿಮಗೂ ಒಂದು ಕಾರಣ ಸಿಗುತ್ತದೆ. ಹತ್ತು ನಿಮಿಷ ಓಡಿಸಿ ನೋಡಲು ಅಂಗಡಿಯವರು ಬಿಡುವುದಿಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ. ಆ ರಸ್ತೆಯಲ್ಲಿ ಅಂಗಡಿಗಳಿಗೇನೂ ಬರ ಇಲ್ಲ.